ಲಕ್ಷ ವರ್ಷ ಮಲಗಿದ ಯಂತ್ರ

ಕೇಳುಗರಿಗೆ ನಮಸ್ಕಾರ.

ದೂರದ ನಕ್ಷತ್ರಲೋಕಗಳ ಕಥೆ ಬರೆಯುವವರಿಗೆ ತುಂಬ ಇಷ್ಟವಾದ ದೃಶ್ಯ ಒಂದಿದೆ. ಅಳಿದುಹೋದ ಅನ್ಯಗ್ರಹ ಜೀವಿಗಳ ಯಂತ್ರ ಗುಹೆಯಲ್ಲಿ ಸಿಗುತ್ತದೆ. ನಾಯಕಿ ಧೂಳು ಒರೆಸಿ ಕೈಯಿಡುತ್ತಾಳೆ, ಲಕ್ಷ ವರ್ಷ ಮಲಗಿದ್ದ ಯಂತ್ರ ಝಗ್ಗನೆ ಬೆಳಗುತ್ತದೆ. ಅಲ್ಲಿಗೆ ಕಥೆಯ ಅರ್ಧ ಸೊಗಸು ಹೋಯಿತು. ಕಳೆದುಹೋದ ತಂತ್ರಜ್ಞಾನದ ರುಚಿಯೆಲ್ಲ ಇರುವುದು ಅದು ಹೇಗೆ ಕೆಟ್ಟಿದೆ ಅನ್ನುವುದರಲ್ಲಿ.

ಮೊದಲು ಶಕ್ತಿಯ ಲೆಕ್ಕ ಹಾಕಿಕೊಳ್ಳಿ. ಮನುಷ್ಯರು ದೂರದ ಬಾಹ್ಯಾಕಾಶಕ್ಕೆ ಕಳಿಸಿದ ವಾಯೇಜರ್ ನೌಕೆಗಳಿಗೆ ವಿದ್ಯುತ್ ಸಿಗುವುದು ಪ್ಲುಟೋನಿಯಂ-238ರ ಬಿಸಿಯಿಂದ. ಅದರ ಅರ್ಧಾಯುಷ್ಯ, ಅಂದರೆ ಇದ್ದುದರಲ್ಲಿ ಅರ್ಧ ಕರಗಲು ಬೇಕಾದ ಕಾಲ, ಸುಮಾರು 88 ವರ್ಷ. ಸಾವಿರ ವರ್ಷ ಕಳೆಯುವಷ್ಟರಲ್ಲಿ ಎರಡು ಸಾವಿರದಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ಹಾಗಾಗಿ ಸೂರ್ಯನ ಬೆಳಕನ್ನೋ ಗ್ರಹದ ಒಡಲ ಬಿಸಿಯನ್ನೋ ಯಂತ್ರಕ್ಕೆ ಒದಗಿಸಿ. ಮಾಯದ ಹರಳನ್ನೇ ಇಡುವುದಾದರೆ, ಅದು ಎಷ್ಟು ಬೇಗ ಸವೆಯುತ್ತದೆ ಎಂದು ಮೊದಲೇ ಗೊತ್ತುಮಾಡಿಕೊಂಡು ಕೊನೆಯ ಅಧ್ಯಾಯದವರೆಗೂ ಆ ಲೆಕ್ಕಕ್ಕೆ ಬದ್ಧರಾಗಿರಿ.

ಇನ್ನು ಚಲಿಸುವ ಭಾಗಗಳು. ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೊ ನೌಕೆಯ ದೊಡ್ಡ ಆಂಟೆನಾವನ್ನು ಕೊಡೆಯಂತೆ ಮಡಚಿಟ್ಟಿದ್ದರು. 1991ರಲ್ಲಿ ಬಿಚ್ಚಲು ಆಜ್ಞೆ ಕೊಟ್ಟಾಗ ಕೆಲವು ಕಡ್ಡಿಗಳು ಕಚ್ಚಿಕೊಂಡೇ ಉಳಿದವು. ಉಡಾವಣೆಗೆ ಮುಂಚೆ ಲಾರಿಯಲ್ಲಿ ಸಾಗಿಸುವಾಗಿನ ಅಲುಗಾಟಕ್ಕೆ ಕಡ್ಡಿಗಳನ್ನು ಹಿಡಿದಿದ್ದ ಪಿನ್ನುಗಳಿಗೆ ಸಲೀಸಾಗಿ ಜಾರಲೆಂದು ಹಚ್ಚಿದ್ದ ಒಣ ಲೇಪ ಸವೆದಿತ್ತೆಂಬುದು ಬಹುಮಟ್ಟಿಗೆ ಒಪ್ಪಿತವಾದ ಕಾರಣ. ಲೋಹದ ಮೈಮೇಲೆ ಗಾಳಿಯಲ್ಲಿ ಕಟ್ಟುವ ತೆಳು ಪೊರೆ ನಿರ್ವಾತದಲ್ಲಿ ಮತ್ತೆ ಕಟ್ಟುವುದಿಲ್ಲ. ಬರಿ ಲೋಹಕ್ಕೆ ಬರಿ ಲೋಹ ಒತ್ತಿದರೆ ಬೆಂಕಿಯಿಲ್ಲದೆಯೇ ಬೆಸೆದುಕೊಳ್ಳಬಹುದು. ಆಂಟೆನಾವನ್ನು ಬಿಸಿಲಿಗೊಮ್ಮೆ ನೆರಳಿಗೊಮ್ಮೆ ತಿರುಗಿಸಿದರು, ಮೋಟಾರಿನಿಂದ ಸಾವಿರಾರು ಬಾರಿ ತಟ್ಟಿಸಿದರು. ಬಿಚ್ಚಲಿಲ್ಲ. ಕೆಲವೇ ವರ್ಷ ಮಡಚಿಟ್ಟ ಕೊಡೆಯ ಪಾಡು ಇದಾದರೆ, ಲಕ್ಷ ವರ್ಷದ ಬಾಗಿಲು ನೂಕಿದೊಡನೆ ತೆರೆದೀತೆ? ಈ ಹೆಣಗಾಟಕ್ಕೇ ಒಂದಿಡೀ ಅಧ್ಯಾಯ ಕೊಡಿ, ಓದುಗರು ಉಸಿರು ಬಿಗಿಹಿಡಿದು ಓದುತ್ತಾರೆ.

ಯಂತ್ರದ ನೆನಪಿನ ಬಗ್ಗೆ ಇಷ್ಟು ಸಾಕು: ವಿದ್ಯುದಾವೇಶವಾಗಿ ಹಿಡಿದಿಟ್ಟದ್ದು ಸೋರಿಹೋಗುತ್ತದೆ, ಕೆತ್ತಿದ್ದು ಉಳಿಯುತ್ತದೆ. ವಾಯೇಜರ್ ಹೊತ್ತಿರುವ, ಭೂಮಿಯ ಧ್ವನಿ ಮತ್ತು ಚಿತ್ರಗಳನ್ನು ಕೆತ್ತಿದ ಚಿನ್ನದ ಲೇಪದ ತಟ್ಟೆಯ ಮುಚ್ಚಳಕ್ಕೆ ಯುರೇನಿಯಂ-238 ಸವರಿದ್ದಾರೆ. ಅದರ ಅರ್ಧಾಯುಷ್ಯ ಸುಮಾರು 450 ಕೋಟಿ ವರ್ಷ. ಎಷ್ಟು ಕರಗಿದೆ ಎಂದು ಅಳೆದವರಿಗೆ ತಟ್ಟೆಯ ವಯಸ್ಸು ಸಿಗುತ್ತದೆ.

ಕೊನೆಗೆ, ಯಂತ್ರ ಏನು ಮಾಡುತ್ತಿತ್ತು? ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗಿನಿಂದ 1901ರಲ್ಲಿ ಎತ್ತಿದ ಕಂಚಿನ ಯಂತ್ರ ಇಂದು 82 ಚೂರುಗಳಾಗಿ ಉಳಿದಿದೆ. ಕಿಲುಬಿನೊಳಗೆ ಅಡಗಿದ್ದ ಹಲ್ಲುಚಕ್ರಗಳನ್ನು ಎಕ್ಸ್-ರೇಯಲ್ಲಿ ನೋಡಿ ಹಲ್ಲು ಲೆಕ್ಕ ಹಾಕಿದರು. ಒಂದು ಚಕ್ರಕ್ಕೆ 223 ಬಂತು. 223 ಚಾಂದ್ರಮಾಸಗಳಿಗೊಮ್ಮೆ ಗ್ರಹಣಗಳ ಸರಣಿ ಮರುಕಳಿಸುತ್ತದೆ. ಯಂತ್ರದ ಕೆಲಸ ಆ ಸಂಖ್ಯೆಯಲ್ಲೇ ಇತ್ತು.

ನಿಮ್ಮ ನಾಯಕಿಯೂ ಹಲ್ಲು ಎಣಿಸಲಿ. ಆ ಲೆಕ್ಕ ತಲೆಯ ಮೇಲಿರುವ ಯಾವ ಚಂದ್ರನಿಗೆ ಹೊಂದುತ್ತದೆ ಎಂದು ರಾತ್ರಿಯೆಲ್ಲ ಹುಡುಕಲಿ. ಯಾವುದಕ್ಕೂ ಹೊಂದದಿದ್ದರೆ, ಆ ಆಕಾಶದಿಂದ ಒಂದು ಚಂದ್ರ ಕಾಣೆಯಾಗಿದೆ.

ನಮಸ್ಕಾರ.