ಚೆಲ್ಲೊ ಕೇಳಿದ ಸಂಜೆ

ಕೇಳುಗರಿಗೆ ನಮಸ್ಕಾರ.

ಮೊನ್ನೆ ಒಂದು ಚೆಲ್ಲೊ ಕಛೇರಿಗೆ ಹೋಗಿದ್ದೆ. ವೇದಿಕೆಯ ಮೇಲೆ ಒಂದು ಕುರ್ಚಿ, ಒಬ್ಬ ಕಲಾವಿದೆ, ಒಂದು ವಾದ್ಯ. ಪಿಯಾನೊ ಇಲ್ಲ, ಪಕ್ಕವಾದ್ಯ ಇಲ್ಲ, ಮೈಕೂ ಇಲ್ಲ.

ಚೆಲ್ಲೊ ಪಿಟೀಲಿನ ಜಾತಿಯದೇ, ಆದರೆ ಅದಕ್ಕಿಂತ ಬಹಳ ದೊಡ್ಡದು. ಕೆಳಗೆ ಒಂದು ಕಂಬಿ ನೆಲಕ್ಕೆ ಊರಿರುತ್ತದೆ. ಮೊಣಕಾಲುಗಳ ನಡುವೆ ಇಟ್ಟು, ಎದೆಗೆ ಒರಗಿಸಿಕೊಂಡು ನುಡಿಸುತ್ತಾರೆ. ಕೆಳಗಿನ ತಂತಿ ಗಂಡಸಿನ ತಗ್ಗು ದನಿಯ ಹಾಗೆ, ಮೇಲಿನದು ಹೆಂಗಸಿನ ದನಿಯ ಹಾಗೆ. ಯಾರೋ ಪಕ್ಕದಲ್ಲೇ ಕೂತು ಹಾಡುತ್ತಿದ್ದಾರೆ ಅನ್ನಿಸುವುದು ಅದಕ್ಕೇ ಇರಬೇಕು.

ಆ ಕಲಾವಿದೆ ನುಡಿಸಿದ್ದು ಜರ್ಮನಿಯ ಸಂಗೀತ ರಚನೆಕಾರ ಬಾಖ್ ಬರೆದ ಸೂಟ್‌ಗಳು, ಅಂದರೆ ಹಲವು ಭಾಗಗಳ ಸಂಗೀತದ ಮಾಲೆಗಳು. ಒಂಟಿ ಚೆಲ್ಲೊಗೆಂದೇ 1720ರ ಆಸುಪಾಸಿನಲ್ಲಿ ಬರೆದ ಇಂಥ 6 ಸೂಟ್‌ಗಳಿವೆ. ಒಂದೊಂದರಲ್ಲೂ ಮೊದಲು ಒಂದು ಪೀಠಿಕೆ, ಆಮೇಲೆ ಸಾಲಾಗಿ ಕುಣಿತದ ಧಾಟಿಗಳು. ಪಾಬ್ಲೊ ಕಸಾಲ್ಸ್ ಎಂಬ ದೊಡ್ಡ ಚೆಲ್ಲೊ ಕಲಾವಿದರಿಗೆ 1890ರಲ್ಲಿ ಬಾರ್ಸಿಲೋನಾದ ಒಂದು ಅಂಗಡಿಯಲ್ಲಿ ಇವುಗಳ ಪುಸ್ತಕ ಸಿಕ್ಕಿತು. ಆಗ ಅವರಿಗೆ 13 ವರ್ಷ. ಬರೀ ಬೆರಳಿನ ಅಭ್ಯಾಸಕ್ಕೆ ಅಂತ ಜನ ಬದಿಗಿಟ್ಟಿದ್ದ ಸಂಗೀತ ಅದು. ಕಸಾಲ್ಸ್ 12 ವರ್ಷ ಸಾಧನೆ ಮಾಡಿದ ಮೇಲೆ ಸಭೆಯ ಮುಂದೆ ನುಡಿಸಿದರಂತೆ.

ಐದನೆಯ ಸೂಟ್ ಶುರು ಮಾಡುವ ಮೊದಲು ಆ ಕಲಾವಿದೆ ಬಿರಡೆ ತಿರುವಿ, ಮೇಲಿನ ತಂತಿಯನ್ನು ಒಂದು ಸ್ವರ ಕೆಳಗಿಳಿಸಿದರು. ಬಾಖ್ ಹಾಗೇ ಮಾಡಲು ಬರೆದಿಟ್ಟಿದ್ದಾರೆ. ತಂತಿಯ ಬಿಗಿ ಸಡಿಲಾಯಿತು, ದನಿಗೆ ಮಬ್ಬು ಕವಿಯಿತು.

ಅದರಲ್ಲಿ ಸಾರಾಬಾಂಡ್ ಎಂಬ ನಿಧಾನ ಕುಣಿತದ ಭಾಗ ಬರುತ್ತದೆ. ಬೇರೆ ಸೂಟ್‌ಗಳ ಸಾರಾಬಾಂಡ್‌ಗಳಲ್ಲಿ ಎರಡು ಮೂರು ತಂತಿ ಒಟ್ಟಿಗೆ ನುಡಿಯುತ್ತವೆ. ಇಲ್ಲಿ ಒಂದು ಸಲವೂ ಇಲ್ಲ. ಒಂದು ಸ್ವರ, ಅದರ ಹಿಂದೆ ಇನ್ನೊಂದು. ಕತ್ತಲಲ್ಲಿ ಗೋಡೆ ಸವರಿಕೊಂಡು ನಡೆದ ಹಾಗೆ. ಪ್ರತಿ ಸಾಲೂ ಕೆಳಗಿಳಿದು, ತಗ್ಗಿನ ಒಂದು ಸ್ವರದ ಮೇಲೆ ಸುಮ್ಮನೆ ನಿಲ್ಲುತ್ತದೆ. ನಾನು ಎರಡನೇ ಸಾಲಿನಲ್ಲಿದ್ದೆ. ಕಮಾನು ತಿರುಗುವ ಮುನ್ನ ಅವರು ಉಸಿರೆಳೆದುಕೊಳ್ಳುವುದು ಕೇಳಿಸುತ್ತಿತ್ತು. ಸ್ವರ ಮುಗಿದ ಮೇಲೂ ಎಡಗೈ ಬೆರಳು ತಂತಿಯ ಮೇಲೆ ಸಣ್ಣಗೆ ಅಲುಗುತ್ತಲೇ ಇತ್ತು.

ನನಗೆ ಗಂಟಲು ಕಟ್ಟಿತು. ಅಪ್ಪ ಕೊನೆಯ ದಿನಗಳಲ್ಲಿ ಹೀಗೇ ಮಾತಾಡುತ್ತಿದ್ದರು. ಒಂದು ಮಾತು, ಆಮೇಲೆ ಉಸಿರು, ಮತ್ತೊಂದು ಮಾತು. ನಡುವೆ ಬಿಟ್ಟದ್ದನ್ನು ನಾವೇ ತುಂಬಿಕೊಳ್ಳುತ್ತಿದ್ದೆವು. ಈ ಸಂಗೀತವೂ ಹಾಗೇ ಕೇಳಿಸಿತು. ಬಾಖ್ ಜೊತೆಸ್ವರಗಳನ್ನು ಬರೆಯದೆ ಬಿಟ್ಟಿದ್ದಾರೆ, ಅವು ಕೇಳುವವರ ಒಳಗೆ ನುಡಿಯುತ್ತವೆ. ಒಬ್ಬೊಬ್ಬರಲ್ಲೂ ಬೇರೆ ಬೇರೆ ಥರ, ಅಲ್ವಾ?

ಪಶ್ಚಿಮದ ಸಂಗೀತ ಅರ್ಥ ಆಗಲ್ಲ, ಹೋಗಿ ಏನು ಮಾಡೋದು ಅಂತ ಹಲವರು ಕೇಳುತ್ತಾರೆ. ಆ ಹೊತ್ತಿನಲ್ಲಿ ನನಗೂ ಏನೂ ಅರ್ಥ ಮಾಡಿಕೊಳ್ಳಬೇಕು ಅನ್ನಿಸಲಿಲ್ಲ. ಕಣ್ಣೊರೆಸಿಕೊಳ್ಳಲೂ ಇಲ್ಲ. ಮುಂದಿನ ಭಾಗ, ಗವೋಟ್ ಎಂಬ ಕುಣಿತ, ಗೆಲುವಾಗಿ ಶುರುವಾಯಿತು. ಅದು ನನ್ನ ಕಿವಿಗೇ ಬೀಳಲಿಲ್ಲ. ನಾನಿನ್ನೂ ಹಿಂದೆಯೇ ಉಳಿದಿದ್ದೆ.

ಈಗ ಆ ಸಾರಾಬಾಂಡ್ ಕೇಳಿಸುತ್ತೇವೆ. ಮೂರು ನಾಲ್ಕು ನಿಮಿಷ ಅಷ್ಟೆ. ಕೈಯಲ್ಲಿ ಕೆಲಸ ಇದ್ದರೆ ಒಂದು ಗಳಿಗೆ ಬದಿಗಿಡಿ.