ಗುಲಾಬಿ ಬತ್ತಿ ಮೂರನೇ ವಾರಕ್ಕೆ

ಕೇಳುಗರಿಗೆ ನಮಸ್ಕಾರ. ಡಿಸೆಂಬರ್ ಬಂತೆಂದರೆ ಶಿವಮೊಗ್ಗದ ಪೇಟೆಯಲ್ಲಿ ಬಣ್ಣಬಣ್ಣದ ಮೇಣದಬತ್ತಿ ಸಿಗುತ್ತದೆ. ಕೊಳ್ಳುವ ಮುಂಚೆ ಒಂದು ಮಾತು ಕೇಳಿ: ಈ ಬಣ್ಣ ಇರುವುದು ಅಲಂಕಾರಕ್ಕಲ್ಲ, ವಾರ ಎಣಿಸಲಿಕ್ಕೆ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಆಗಮನ ಕಾಲ. ಹಸಿರು ಸೊಪ್ಪಿನ ಚಕ್ರದಲ್ಲಿ ಮೂರು ನೇರಳೆ ಬತ್ತಿ, ಒಂದು ಗುಲಾಬಿ. ನೇರಳೆ ಪಶ್ಚಾತ್ತಾಪದ ಬಣ್ಣ, ಗುಲಾಬಿ ಸಂತೋಷದ್ದು. ಮೊದಲ ವಾರ ಒಂದು ನೇರಳೆ, ಎರಡನೇ ವಾರ ಎರಡು, ಮೂರನೇ ವಾರ ಅವೆರಡರ ಜೊತೆ ಗುಲಾಬಿ, ಕೊನೆಗೆ ಉಳಿದ ನೇರಳೆ. ಚೆಂದ ಕಾಣುತ್ತದೆಂದು ಗುಲಾಬಿಯನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ! ಅರ್ಧ ದಾರಿ ಕಳೆಯಿತು, ಹಬ್ಬ ಹತ್ತಿರ ಬಂತು ಎಂದು ಹೇಳಲಿಕ್ಕೇ ಅದು ಇರುವುದು. ಸರಿಯಾಗಿ ಹಚ್ಚಿದ್ದರೆ ನಾಲ್ಕನೇ ವಾರ ಬತ್ತಿಗಳು ಮೆಟ್ಟಿಲಿನ ಹಾಗೆ ನಿಲ್ಲುತ್ತವೆ, ಮೊದಲನೆಯದು ಎಲ್ಲಕ್ಕಿಂತ ಗಿಡ್ಡ. ಹಾಗಾಗಿ ಉದ್ದನೆಯದನ್ನೇ ಕೊಳ್ಳಿ.

ಇದು ಶುರುವಾದ ಬಗೆ ಕೇಳಿ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೋಹಾನ್ ಹಿನ್ರಿಕ್ ವಿಖೆರ್ನ್ ಎಂಬ ಪಾದ್ರಿ ಬಡಮಕ್ಕಳಿಗಾಗಿ ಒಂದು ಆಶ್ರಯಮನೆ ನಡೆಸುತ್ತಿದ್ದರು. ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಮಕ್ಕಳದು ದಿನವೂ ಒಂದೇ ವರಾತ. 1839ರಲ್ಲಿ ಅವರು ಹಳೆಯ ಗಾಡಿಚಕ್ರವೊಂದನ್ನು ತಂದು ಅದರ ಮೇಲೆ ಬತ್ತಿ ನಿಲ್ಲಿಸಿದರು. ಆ ವರ್ಷ ಡಿಸೆಂಬರ್ 1 ಭಾನುವಾರ. ಹಬ್ಬದ ಹಿಂದಿನ ದಿನದವರೆಗೆ ಇಪ್ಪತ್ತನಾಲ್ಕು ದಿನ: ನಾಲ್ಕು ಭಾನುವಾರಕ್ಕೆ ನಾಲ್ಕು ದೊಡ್ಡ ಬಿಳಿ ಬತ್ತಿ, ಮಿಕ್ಕ ದಿನಗಳಿಗೆ ಇಪ್ಪತ್ತು ಸಣ್ಣ ಕೆಂಪು ಬತ್ತಿ. ದಿನಕ್ಕೊಂದು ಹಚ್ಚುತ್ತಾ ಹೋದರು. ಅಕ್ಷರ ಬಾರದ ಮಗುವೂ ಹಚ್ಚದೆ ಉಳಿದ ಬಿಳಿ ಬತ್ತಿ ನೋಡಿ, ಇನ್ನೆರಡು ಭಾನುವಾರ ಎಂದು ಹೇಳಬಹುದಿತ್ತು. ನೋಡಿ, ಅಲ್ಲೂ ಬಣ್ಣದ ಕೆಲಸ ಎಣಿಕೆಯೇ.

ಸಮಯ ಕಡಿಮೆಯಿದೆ. ಅಮೆರಿಕದ ಕಪ್ಪು ಜನರು 1966ರಿಂದ ಡಿಸೆಂಬರ್ 26ಕ್ಕೆ ಆರಂಭಿಸಿ ಆಚರಿಸುವ ಕ್ವಾಂಜಾದಲ್ಲೂ ಕ್ರಮವಿದೆ. ನಡುವೆ ಜನರನ್ನು ಸೂಚಿಸುವ ಕಪ್ಪು ಬತ್ತಿ, ಒಂದು ಬದಿ ಹೋರಾಟದ ಮೂರು ಕೆಂಪು, ಇನ್ನೊಂದು ಬದಿ ಭರವಸೆಯ ಮೂರು ಹಸಿರು. ಮೊದಲು ಹಚ್ಚುವುದು ಕಪ್ಪನ್ನು.

ಮನೆಯಲ್ಲೇ ಬತ್ತಿ ಮಾಡುವವರು ಅಡುಗೆ ಬಣ್ಣ ಹಾಕಬೇಡಿ. ಅದು ನೀರಿನ ಬಣ್ಣ, ಮೇಣದಲ್ಲಿ ಬೆರೆಯದೆ ತಳಕ್ಕಿಳಿಯುತ್ತದೆ. ಎಣ್ಣೆಯಲ್ಲಿ ಕರಗುವ ಬಣ್ಣವೇ ಆಗಬೇಕು. ಕರಗಿದ ಮೇಣದಲ್ಲಿ ಬಣ್ಣ ಗಾಢವಾಗಿ ಕಂಡು, ಆರಿದ ಮೇಲೆ ತಿಳಿಯಾಗುತ್ತದೆ. ಒಂದು ಹನಿ ಬಿಳಿ ತಟ್ಟೆಗೆ ಬಿಟ್ಟು ಆರಿಸಿ ನೋಡಿ. ಮೇಣದ ಪಾತ್ರೆಯನ್ನು ಕುದಿಯುವ ನೀರಿನೊಳಗಿಡಿ, ನೇರ ಉರಿಗೆ ಬೇಡ. ದಾರವನ್ನು ಕಾಲು ಇಂಚಿಗೆ ಕತ್ತರಿಸಿ, ಉದ್ದ ಬಿಟ್ಟರೆ ಹೊಗೆ. ಚಕ್ರಕ್ಕೆ ಸುತ್ತಿದ ಸರ್ವೆ ಸೊಪ್ಪು ವಾರದಲ್ಲಿ ಒಣಗುತ್ತದೆ, ಕಿಡಿ ತಾಗಿದರೆ ಭಗ್ಗೆನ್ನುತ್ತದೆ. ಶನಿವಾರ ಸಂಜೆ ಹಳೆಯದನ್ನು ತೆಗೆದು ಹಸಿ ಸೊಪ್ಪು ಕಟ್ಟಿ.