ಚಕ್ರವನ್ನು ನೀರೇ ತಿರುಗಿಸಲಿ

ಕೇಳುಗರಿಗೆ ನಮಸ್ಕಾರ.

ಬೀಳುವ ನೀರು ಅಲಗಿನ ಚಕ್ರವನ್ನು ತಿರುಗಿಸುತ್ತದೆ ಎಂದು ಹೇಳುವುದಕ್ಕೆ ಬಾನುಲಿ ಕೇಂದ್ರಕ್ಕೆ ತಜ್ಞರನ್ನು ಕರೆಸಬೇಕಾಗಿಲ್ಲ. ಶಿವನಸಮುದ್ರದಲ್ಲಿ ಕಾವೇರಿ ಆ ಕೆಲಸವನ್ನು 1902ರಿಂದಲೇ ಮಾಡುತ್ತಿದ್ದಾಳೆ. ಅಲ್ಲಿನ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಬಂತು. ಆದರೆ ಅದೇ ನೀರನ್ನೂ ಅದೇ ಚಕ್ರವನ್ನೂ ಕಂಪ್ಯೂಟರಿನೊಳಗೆ ಕಟ್ಟುವುದು ಬೇರೆಯೇ ಕಸುಬು. ಈ ಊರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈಗ ಅದನ್ನು ಹಾಸ್ಟೆಲಿನಲ್ಲಿ ಕುಳಿತು ಲ್ಯಾಪ್‌ಟಾಪಿನಲ್ಲೇ ಮಾಡುತ್ತಾರೆ. ನನ್ನ ಮಾತು ಅವರಿಗೆ, ಮತ್ತು ಪರದೆಯ ಮೇಲೆ ಚಿಮ್ಮುವ ನೀಲಿ ನೀರನ್ನು ನೋಡಿ ಬೆರಗಾಗುವ ಅವರ ತಂದೆತಾಯಿಯರಿಗೆ. ಹೇಳುವುದು ಇಷ್ಟೇ: ಚಕ್ರವನ್ನು ನೀವು ತಿರುಗಿಸಬೇಡಿ, ನೀರು ತಿರುಗಿಸಲಿ.

ಕಂಪ್ಯೂಟರಿಗೆ ನೀರು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಆದ್ದರಿಂದ ನಾವು ಚಕ್ರದ ಸುತ್ತಲಿನ ಜಾಗವನ್ನು ಲಕ್ಷಗಟ್ಟಲೆ ಪುಟ್ಟ ಕೋಶಗಳಾಗಿ ಕತ್ತರಿಸುತ್ತೇವೆ. ಇದೇ ಮೆಶ್. ಪ್ರತಿ ಕೋಶಕ್ಕೂ ಸೊನ್ನೆಯಿಂದ ಒಂದರವರೆಗಿನ ಒಂದು ಸಂಖ್ಯೆ ಕೊಡುತ್ತೇವೆ. ಸೊನ್ನೆ ಎಂದರೆ ಬರೀ ಗಾಳಿ, ಒಂದು ಎಂದರೆ ಪೂರ್ತಿ ನೀರು, ಅರ್ಧ ಎಂದರೆ ನೀರಿನ ಮೇಲ್ಮೈ ಆ ಕೋಶದೊಳಗೇ ಹಾದುಹೋಗುತ್ತಿದೆ ಎಂದರ್ಥ. ಹರ್ಟ್ ಮತ್ತು ನಿಕೋಲ್ಸ್ ಎಂಬ ಸಂಶೋಧಕರು 1981ರಲ್ಲಿ ಪ್ರಕಟಿಸಿದ ಉಪಾಯವಿದು. ನೀರು ಹೇಗೆ ಹರಿಯಬೇಕೆಂಬ ನಿಯಮ 19ನೆಯ ಶತಮಾನದ ನೇವಿಯರ್ ಮತ್ತು ಸ್ಟೋಕ್ಸ್ ಅವರ ಸಮೀಕರಣಗಳಲ್ಲಿದೆ. ಹರಿವಿನ ಲೆಕ್ಕಗಳಿಗೆಂದೇ ನಮ್ಮ ಊರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 1986ರಲ್ಲಿ ಫ್ಲೋಸಾಲ್ವರ್ ಎಂಬ, ಹಲವು ಪ್ರೊಸೆಸರ್‌ಗಳು ಒಟ್ಟಿಗೆ ಲೆಕ್ಕ ಮಾಡುವ ಸಮಾಂತರ ಕಂಪ್ಯೂಟರ್ ಕಟ್ಟಲು ಕೈಹಾಕಿತ್ತು. ಈಗ ಇಂಥ ಲೆಕ್ಕ ಮಾಡುವ ಓಪನ್‌ಫೋಮ್‌ನಂಥ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ.

ಚಕ್ರ ತಿರುಗಬೇಕಲ್ಲ, ಅದಕ್ಕೇನು ಮಾಡುವುದು? ಬೀಸುವ ಕಲ್ಲನ್ನು ನೆನೆಸಿಕೊಳ್ಳಿ. ಒಂದು ಕಲ್ಲು ನಿಂತಿರುತ್ತದೆ, ಇನ್ನೊಂದು ಅದಕ್ಕೆ ತಾಗಿಕೊಂಡೇ ತಿರುಗುತ್ತದೆ. ಮೆಶ್ ಕೂಡ ಹೀಗೆಯೇ. ಚಕ್ರದ ಸುತ್ತಲಿನ ಕೋಶಗಳು ಚಕ್ರದೊಡನೆ ತಿರುಗುತ್ತವೆ, ಹೊರಗಿನವು ನಿಂತಿರುತ್ತವೆ, ಎರಡರ ನಡುವಿನ ಗಡಿಯನ್ನು ನೀರು ದಾಟುತ್ತದೆ. ತಿರುಗುವ ಭಾಗಕ್ಕೆ ವೇಗ ಎಲ್ಲಿಂದ ಬರಬೇಕು ಎಂಬಲ್ಲಿಯೇ ಎಲ್ಲರೂ ಎಡವುವುದು.

ಒಂದು ಪ್ರಸಂಗ ಹೇಳುತ್ತೇನೆ. ಕೊನೆಯ ವರ್ಷದ ನಾಲ್ವರು ವಿದ್ಯಾರ್ಥಿಗಳ ಪ್ರಾಜೆಕ್ಟನ್ನು ಪರೀಕ್ಷಿಸಲು ನನ್ನನ್ನು ಕರೆದಿದ್ದರು. ಒಂದು ಮೀಟರ್ ವ್ಯಾಸದ ಚಕ್ರ, ಚಪ್ಪಟೆ ಅಲಗುಗಳು, ಎರಡು ಮೀಟರ್ ಎತ್ತರದಿಂದ ಸೆಕೆಂಡಿಗೆ ಐದು ಲೀಟರ್ ನೀರು. ವಿಡಿಯೋ ಎಷ್ಟು ಚೆನ್ನಾಗಿತ್ತೆಂದರೆ, ಜೊತೆಗಿದ್ದ ಇನ್ನೊಬ್ಬ ಪರೀಕ್ಷಕರು ಮೊಬೈಲ್ ತೆಗೆದು ಚಿತ್ರೀಕರಿಸತೊಡಗಿದರು. ಚಕ್ರ ನಿಮಿಷಕ್ಕೆ 200 ಸುತ್ತು ತಿರುಗುತ್ತಿತ್ತು. ಸಿಕ್ಕ ಶಕ್ತಿ 220 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿದ್ದರು.

ನಾನು ಒಂದೇ ಒಂದು ಕೋರಿಕೆ ಮುಂದಿಟ್ಟೆ. "ನೀರನ್ನು ನಿಲ್ಲಿಸಿ ಮತ್ತೊಮ್ಮೆ ಓಡಿಸಿ, ನೋಡೋಣ."

ಓಡಿಸಿದರು. ನೀರಿಲ್ಲ. ಚಕ್ರ ಮಾತ್ರ ನಿಮಿಷಕ್ಕೆ 200 ಸುತ್ತಿನಂತೆ ಗಂಭೀರವಾಗಿ ತಿರುಗುತ್ತಲೇ ಇತ್ತು! ಕೊಠಡಿಯಲ್ಲಿ ಯಾರೂ ಮಾತನಾಡಲಿಲ್ಲ. ಕಡೆಗೆ ಒಬ್ಬಳು ಹುಡುಗಿ, "ಮೇಡಂ, ವೇಗವನ್ನು ನಾವೇ ಕೊಟ್ಟಿದ್ದೇವೆ" ಎಂದಳು. ಪ್ರಾಮಾಣಿಕ ಹುಡುಗಿ.

"ಹಾಗಾದರೆ ನೀರಿಗೆ ಏನು ಕೆಲಸ?" ಎಂದು ಕೇಳಿದೆ.

ಕೂಡಿಸಿ ನೋಡಿ. ಎರಡು ಮೀಟರ್ ಬಿದ್ದ ನೀರಿನ ವೇಗ ಸೆಕೆಂಡಿಗೆ ಸುಮಾರು 6.3 ಮೀಟರ್. ಅವರ ಅಲಗಿನ ತುದಿಯ ವೇಗ ಹತ್ತು ಮೀಟರಿಗೂ ಹೆಚ್ಚು. ಅಂದರೆ ನೀರು ಅಲಗನ್ನು ತಳ್ಳುತ್ತಿರಲಿಲ್ಲ, ಅಲಗೇ ನೀರನ್ನು ಅಟ್ಟುತ್ತಿತ್ತು. ಟಾರ್ಕ್‌ನ, ಅಂದರೆ ಚಕ್ರವನ್ನು ತಿರುಗಿಸುವ ಬಲದ, ಮೌಲ್ಯಗಳ ಹಿಂದೆ ಋಣ ಚಿಹ್ನೆ ಇತ್ತು. ಅದೇನೋ ದೋಷವೆಂದು ಭಾವಿಸಿ ಅಳಿಸಿಬಿಟ್ಟಿದ್ದರು. ಅದು ಶಕ್ತಿ ಕೊಡುವ ಚಕ್ರವಲ್ಲ, ಶಕ್ತಿ ತಿನ್ನುವ ಪಂಪು. ಇಷ್ಟಕ್ಕೂ ಆ ನೀರಿನಲ್ಲಿದ್ದ ಶಕ್ತಿಯೇ 98 ವ್ಯಾಟ್: ಐದು ಲೀಟರ್, ಎರಡು ಮೀಟರ್, 9.8, ಮೂರನ್ನೂ ಗುಣಿಸಿದರೆ ಮುಗಿಯಿತು. ಮೆಶ್‌ಗಾಗಿ ನಿದ್ದೆಗೆಟ್ಟ ನಾಲ್ವರಲ್ಲಿ ಒಬ್ಬರಿಗೂ ಈ ಗುಣಾಕಾರ ಹೊಳೆದಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ತಿದ್ದಿಕೊಂಡು ಬರಲು ಕಾಲಾವಕಾಶ ಕೊಟ್ಟೆವು. ಈ ಬಾರಿ ವೇಗವನ್ನು ಅವರು ಕೊಡಲಿಲ್ಲ. ಪ್ರತಿ ಕ್ಷಣ ಅಲಗುಗಳ ಮೇಲೆ ನೀರು ಹಾಕುವ ಒತ್ತಡವನ್ನೆಲ್ಲ ಸಾಫ್ಟ್‌ವೇರ್ ಕೂಡಿಸುತ್ತದೆ, ಚಕ್ರದ ತೂಕ ಅಚ್ಚಿನಿಂದ ಎಷ್ಟು ದೂರ ಹರಡಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಚಕ್ರವನ್ನು ಎಳ್ಳಷ್ಟು ತಿರುಗಿಸುತ್ತದೆ, ಮತ್ತೆ ಮೊದಲಿನಿಂದ ಕೂಡಿಸುತ್ತದೆ. ಚಕ್ರ ಮೊದಲು ಅಲುಗಾಡಿತು, ತಡವರಿಸಿತು, ಆಮೇಲೆ ವೇಗ ಹಿಡಿಯಿತು. ನೋಡುವುದಕ್ಕೆ ಹಿಂದಿನ ವಿಡಿಯೋದಷ್ಟು ಅಂದವಿರಲಿಲ್ಲ. ನನಗೆ ಮಾತ್ರ ಅದನ್ನು ನೋಡಿ ಎದ್ದು ನಿಂತು ಚಪ್ಪಾಳೆ ತಟ್ಟಬೇಕೆನ್ನಿಸಿತು, ಏಕೆಂದರೆ ಅದನ್ನು ನೀರು ತಿರುಗಿಸುತ್ತಿತ್ತು.

ಆದರೂ ಶಕ್ತಿ ಬಹುತೇಕ ಸೊನ್ನೆ ಎಂದು ಅವರ ಮುಖ ಬಾಡಿತ್ತು. ಬಾಡಬೇಕಾಗಿರಲಿಲ್ಲ. ಚಕ್ರಕ್ಕೆ ಹೊರೆಯೇ ಇರಲಿಲ್ಲ. ಹೊರೆಯಿಲ್ಲದ ಚಕ್ರ ನೀರಿನ ವೇಗದ ಹತ್ತಿರಕ್ಕೆ ಓಡಿಬಿಡುತ್ತದೆ, ಆಗ ನೀರಿಗೆ ತಳ್ಳಲು ಏನೂ ಉಳಿಯುವುದಿಲ್ಲ. ಡೈನಮೋ ಜೋಡಿಸಿದಂತೆ ಒಂದು ಎದುರು ಟಾರ್ಕ್ ಕೊಡಿ ಎಂದೆ. ಕೊಟ್ಟರು. ಅಲಗಿನ ವೇಗ ನೀರಿನ ವೇಗದ ಅರ್ಧಕ್ಕೆ, ಅಂದರೆ ನಿಮಿಷಕ್ಕೆ ಸುಮಾರು 60 ಸುತ್ತಿಗೆ ಇಳಿದಾಗ ಅತಿ ಹೆಚ್ಚು ಶಕ್ತಿ ಸಿಕ್ಕಿತು: ಸುಮಾರು 40 ವ್ಯಾಟ್. ಚಪ್ಪಟೆ ಅಲಗಿಗೆ ನೀರಿನ ಹೊಡೆತದಿಂದ ದಕ್ಕುವುದು ಹೆಚ್ಚೆಂದರೆ ಅರ್ಧ. 98ರಲ್ಲಿ 40 ನಂಬಬಹುದಾದ ಉತ್ತರ.

ಸಮಯ ಸರಿದುಹೋಯಿತು. ಕೋಶದ ಗಾತ್ರ, ಕಾಲದ ಹೆಜ್ಜೆ, ಅಂದರೆ ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ ಸರಿಯುವ ಸಮಯ, ಇವನ್ನೆಲ್ಲ ವಿವರವಾಗಿ ಹೇಳಬೇಕೆಂದುಕೊಂಡು ಬಂದಿದ್ದೆ. ಒಂದು ಹೆಜ್ಜೆಯಲ್ಲಿ ನೀರು ಒಂದು ಕೋಶಕ್ಕಿಂತ ಹೆಚ್ಚು ದಾಟಬಾರದು. ಐದು ಮಿಲಿಮೀಟರ್ ಕೋಶವಿದ್ದರೆ ಹೆಜ್ಜೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದಿರಬೇಕು. ಕೋಶಗಳನ್ನು ಇನ್ನಷ್ಟು ಚಿಕ್ಕದು ಮಾಡಿದಾಗ ಉತ್ತರ ಬದಲಾದರೆ ಹಿಂದಿನ ಉತ್ತರವನ್ನು ನಂಬಬೇಡಿ. ಇಂಗ್ಲೆಂಡಿನ ಜಾನ್ ಸ್ಮೀಟನ್ 1759ರಲ್ಲಿ ಪುಟ್ಟ ಮಾದರಿ ಚಕ್ರಗಳನ್ನೇ ಇಟ್ಟುಕೊಂಡು, ಮೇಲಿನಿಂದ ನೀರು ತುಂಬುವ ಚಕ್ರ ಕೆಳಗಿನಿಂದ ನೀರು ತಳ್ಳುವ ಚಕ್ರಕ್ಕಿಂತ ಸುಮಾರು ಎರಡು ಪಟ್ಟು ದಕ್ಷವೆಂದು ತೋರಿಸಿದ. ಅವನ ಬಳಿ ಲ್ಯಾಪ್‌ಟಾಪ್ ಇರಲಿಲ್ಲ. ಆದರೆ ಅವನ ಚಕ್ರಗಳನ್ನು ನೀರೇ ತಿರುಗಿಸಿತ್ತು.

ಮಲೆನಾಡಿನಿಂದ ಬಂದು ಇಲ್ಲಿ ಓದುತ್ತಿರುವವರು ರಜೆಗೆ ಊರಿಗೆ ಹೋದಾಗ ತೋಟದ ಹಳ್ಳದ ಬಳಿ ಒಂದು ಬಕೆಟ್ ಹಿಡಿದು ನಿಲ್ಲಿ. ಇಪ್ಪತ್ತು ಲೀಟರ್ ತುಂಬಲು ಎಷ್ಟು ಸೆಕೆಂಡು ಬೇಕೆಂದು ನೋಡಿ, ಬೀಳುವ ಎತ್ತರವನ್ನು ಟೇಪಿನಲ್ಲಿ ಅಳೆಯಿರಿ. ಸಾಫ್ಟ್‌ವೇರ್ ತೆರೆಯುವುದು ಅದಾದ ಮೇಲೆ. ಚಪ್ಪಟೆ ಅಲಗನ್ನು ಬಿಟ್ಟು, ನೀರನ್ನು ಎರಡಾಗಿ ಸೀಳಿ ಹಿಂದಕ್ಕೆ ತಿರುಗಿಸುವ ಪೆಲ್ಟನ್‌ನ ಜೋಡಿ ಬಟ್ಟಲುಗಳ ವಿಷಯಕ್ಕೆ ಬರಲಾಗಲಿಲ್ಲ. ಕೇಂದ್ರದವರು ಮತ್ತೊಮ್ಮೆ ಕರೆದರೆ ಅಲ್ಲಿಂದಲೇ ಶುರುಮಾಡುತ್ತೇನೆ. ನಮಸ್ಕಾರ.